ಕಿರುಬೆರಳಿನಿಂದ ಶುರುವಾದ ಜೋಮು

ಒಂದು ಕ್ರಯಪತ್ರದ ಚಕ್ಕುಬಂದಿಯಲ್ಲಿ ‘ಪೂರ್ವಕ್ಕೆ ಹಳ್ಳ’ ಎಂದಿರಬೇಕಾದ ಕಡೆ ‘ಪೂರ್ವಕ್ಕೆ ಹಲ್ಲ’ ಎಂದು ಅಚ್ಚಾಗಿತ್ತು. ನಮ್ಮ ಪತ್ರ ಬರಹಗಾರರು ಅದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ನನ್ನ ಮೇಜಿನ ಮೇಲಿಟ್ಟ ದಿನ, ನನ್ನ ಕೈಯಲ್ಲಿ ಏನೋ ಕೆಟ್ಟಿದೆ ಎಂಬುದನ್ನು ನಾನು ಮೊದಲ ಸಲ ಒಪ್ಪಿಕೊಂಡೆ. ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ, ಉಪನೋಂದಣಿ ಕಚೇರಿಯ ಎದುರಿನ ಸಾಲಿನಲ್ಲಿ, 16 ವರ್ಷಗಳಿಂದ ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳನ್ನು ಟೈಪ್ ಮಾಡಿಕೊಂಡು ಬಂದವಳು ನಾನು. ನುಡಿ ತಂತ್ರಾಂಶದಲ್ಲಿ ಳ, ಣ ಮೂಡಬೇಕಾದರೆ ಎಡಗೈಯ ಕಿರುಬೆರಳು ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದಿರಬೇಕು. ಬೆರಳು ಕೀಲಿಯ ಮೇಲಿದೆ ಎಂದು ನಾನು ನಂಬಿದ್ದೆ. ಆದರೆ ಅದು ಕೀಲಿಯನ್ನು ಒತ್ತುತ್ತಿರಲಿಲ್ಲ. ಆ ವಾರದ ಹಳೆಯ ಪತ್ರಗಳನ್ನು ತೆಗೆದು ನೋಡಿದರೆ ‘ಕಾರಣ’ ಎಂಬುದು ಎರಡು ಕಡೆ ‘ಕಾರನ’ ಆಗಿತ್ತು.

ಅದಕ್ಕೂ ಮೂರು ತಿಂಗಳು ಮೊದಲು, ಶ್ರಾವಣ ಮಾಸದಲ್ಲಿ, ಜೋಮು ಶುರುವಾಗಿತ್ತು. ಕಾಲು ಮಡಚಿ ಕುಳಿತಾಗ ಹಿಡಿಯುವ ಜೋಮು ಕೊಡವಿಕೊಂಡರೆ ಬಿಟ್ಟುಹೋಗುತ್ತದೆ. ಇದು ಬಿಡುತ್ತಿರಲಿಲ್ಲ. ಕೆಲವೊಮ್ಮೆ ಇರುವೆ ಹರಿದಂತೆ, ಕೆಲವೊಮ್ಮೆ ಮೊಣಕೈ ಗೋಡೆಗೆ ತಗುಲಿದಾಗ ಜುಂ ಎನ್ನುವಂತೆ, ರಾತ್ರಿಯ ಹೊತ್ತು ಸಣ್ಣ ಉರಿಯಂತೆ ಅದು ಬರುತ್ತಿತ್ತು. ಜಾಗ ಮಾತ್ರ ಬದಲಾಗುತ್ತಿರಲಿಲ್ಲ: ಎಡಗೈಯ ಕಿರುಬೆರಳು ಪೂರ್ತಿ, ಉಂಗುರ ಬೆರಳಿನಲ್ಲಿ ಕಿರುಬೆರಳಿನ ಕಡೆಯ ಅರ್ಧ, ಅಲ್ಲಿಂದ ಅಂಗೈಯ ಅಂಚು ಹಿಡಿದು ಮಣಿಕಟ್ಟಿನವರೆಗೆ. ಉಂಗುರ ಬೆರಳಿನ ನಡುವೆ ಅಡಿಪಟ್ಟಿ ಇಟ್ಟು ಗೆರೆ ಎಳೆದಂತೆ ಒಂದು ಕಡೆ ಸ್ಪರ್ಶ ತಿಳಿಯುತ್ತಿತ್ತು, ಇನ್ನೊಂದು ಕಡೆ ಬಟ್ಟೆಯ ಮೇಲಿನಿಂದ ಮುಟ್ಟಿದಂತಾಗುತ್ತಿತ್ತು. ಈ ಗೆರೆಯನ್ನು ನಾನು ಮೊದಲ ತಿಂಗಳಿನಲ್ಲೇ ಗಮನಿಸಿದ್ದೆ. ಅದೇ ಇಡೀ ಕಾಯಿಲೆಯ ವಿಳಾಸವೆಂದು ನನಗೆ ತಿಳಿದಿರಲಿಲ್ಲ. ತಿಳಿದಿರಬೇಕಾದವರು ಕೇಳಲೂ ಇಲ್ಲ.

ನಮ್ಮೂರಿನ ವೈದ್ಯರು ಮೊದಲು ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿದರು. ಅವೆರಡೂ ಸರಿಯಿದ್ದವು. ಬಿ12 ಜೀವಸತ್ವ ಮಾತ್ರ 168 ಬಂದಿತ್ತು, ಪ್ರಯೋಗಾಲಯದ ಚೀಟಿಯಲ್ಲಿ 211ಕ್ಕಿಂತ ಮೇಲಿರಬೇಕೆಂದು ಇತ್ತು. ನಮ್ಮದು ಮಾಂಸ, ಮೊಟ್ಟೆ ಮುಟ್ಟದ ಮನೆ. ಹಾಲು ಮೊಸರನ್ನು ಬಿಟ್ಟರೆ ಈ ಜೀವಸತ್ವಕ್ಕೆ ಬೇರೆ ದಾರಿಯಿಲ್ಲ. ಕಾರಣ ಸಿಕ್ಕಿತೆಂದು ನಾನೂ ಹಗುರಾದೆ, ವೈದ್ಯರೂ ಹಗುರಾದರು. ದಿನ ಬಿಟ್ಟು ದಿನ ಏಳು ಚುಚ್ಚುಮದ್ದು, ಆಮೇಲೆ ವಾರಕ್ಕೊಂದು. ಹಲವು ದಿನಗಳಿಂದ ಇದ್ದ ಸುಸ್ತು ನಿಜಕ್ಕೂ ಕಡಿಮೆಯಾಯಿತು, ಮಧ್ಯಾಹ್ನದ ತೂಕಡಿಕೆ ಹೋಯಿತು. ಜೋಮು ಒಂದೆಳೆಯಷ್ಟೂ ಕದಲಲಿಲ್ಲ. ಬಿ12 ಕೊರತೆಯಿಂದ ಬರುವ ಜೋಮು ಸಾಮಾನ್ಯವಾಗಿ ಎರಡೂ ಪಾದಗಳಲ್ಲಿ ಸಮನಾಗಿ ಹಿಡಿದು ಮೇಲೇರುತ್ತದೆ, ಒಂದೇ ಕೈಯ ಒಂದೂವರೆ ಬೆರಳನ್ನು ಆರಿಸಿಕೊಂಡು ಕೂರುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಒಂದು ವರ್ಷದ ನಂತರ. ಕೊರತೆಯಿದ್ದದ್ದು ನಿಜ, ಅದಕ್ಕೆ ಮದ್ದು ಕೊಟ್ಟದ್ದೂ ಸರಿ. ಆದರೆ ಒಂದು ದೋಷ ಕಣ್ಣಿಗೆ ಬಿದ್ದ ಕೂಡಲೇ ಹುಡುಕಾಟ ನಿಂತುಹೋಯಿತು, ಮತ್ತು ನನ್ನ ಐದು ತಿಂಗಳು ಆ ನಿಲುಗಡೆಯಲ್ಲೇ ಕಳೆದವು.

ಆ ಅವಧಿಯಲ್ಲೇ, ಜನವರಿ 30ರ ಆಸುಪಾಸಿನಲ್ಲಿ, ಆಶಾ ಕಾರ್ಯಕರ್ತೆಯೊಬ್ಬರು ಕುಷ್ಠರೋಗ ಜಾಗೃತಿಯ ಕರಪತ್ರ ಹಿಡಿದು ನಮ್ಮ ಓಣಿಗೆ ಬಂದಿದ್ದರು. ಗಾಂಧೀಜಿಯವರ ಹುತಾತ್ಮ ದಿನವನ್ನೇ ಈ ರೋಗದ ಅರಿವಿಗಾಗಿ ಮೀಸಲಿಟ್ಟಿದ್ದಾರೆ. “ಅಕ್ಕಾರ, ಮೈಮ್ಯಾಲೆ ಎಲ್ಲ್ಯಾರ ಬಿಳಿ ಮಚ್ಚಿ, ಕೆಂಪು ಮಚ್ಚಿ ಅದಾವೇನ್ರಿ?” ಎಂದು ಕೇಳಿದರು. ನಾನು ಇಲ್ಲವೆಂದೆ. ಅದು ಸುಳ್ಳಾಗಿರಲಿಲ್ಲ, ನನ್ನ ಮೈಮೇಲೆ ಅಂದೂ ಮಚ್ಚೆ ಇರಲಿಲ್ಲ, ಇಂದಿಗೂ ಇಲ್ಲ. ಕರಪತ್ರವನ್ನು ಮಡಚಿ ಅಡುಗೆಮನೆಯ ಕಿಟಕಿಯಲ್ಲಿಟ್ಟು ಮರೆತೆ.

ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯ ಮೂಳೆ ತಜ್ಞರು ಕತ್ತಿನ ಎಕ್ಸರೇ ತೆಗೆಸಿ ಮೂಳೆ ಸವೆದಿದೆ ಎಂದರು, ಕತ್ತಿಗೆ ಪಟ್ಟಿ ಕೊಟ್ಟರು, ನಿದ್ದೆ ಬರಿಸುವ ನರದ ಮಾತ್ರೆ ಕೊಟ್ಟರು. ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವಳು ಎಂಬ ಒಂದು ಮಾತಿನಿಂದಲೇ ಅವರಿಗೆ ಅರ್ಧ ಉತ್ತರ ಸಿಕ್ಕಿಬಿಟ್ಟಿತ್ತು. 7,500 ರೂಪಾಯಿಯ ಎಂಆರ್‌ಐ ಕೂಡ ಆಯಿತು. ಅದರಲ್ಲಿ ಐದನೆಯ ಮತ್ತು ಆರನೆಯ ಮೂಳೆಯ ನಡುವಿನ ದಿಂಬು ಸ್ವಲ್ಪ ಉಬ್ಬಿದೆ ಎಂದು ಬರೆದಿತ್ತು. ನನ್ನ ವಯಸ್ಸಿಗೆ, 41ಕ್ಕೆ, ಎಷ್ಟೋ ಜನರಲ್ಲಿ ಯಾವ ತೊಂದರೆಯೂ ಇಲ್ಲದೆ ಇರುವಂಥ ಉಬ್ಬು ಅದು. ಆ ಜಾಗದ ನರ ಒತ್ತಿದರೆ ಜೋಮು ಹಿಡಿಯುವುದು ಹೆಬ್ಬೆರಳಿನ ಕಡೆ. ಕಿರುಬೆರಳಿಗೆ ಹೋಗುವ ನರದ ಬೇರು ಇನ್ನೂ ಕೆಳಗಿದೆ. ಕಾಗದದಲ್ಲಿ ಕಂಡದ್ದಕ್ಕೂ ಕೈಯಲ್ಲಿ ಆಗುತ್ತಿದ್ದದ್ದಕ್ಕೂ ಹೊಂದಾಣಿಕೆ ಇದೆಯೇ ಎಂದು ಕೂಡಿಸಿ ನೋಡುವ ಕೆಲಸ ಆ ಕೊಠಡಿಯಲ್ಲಿ ನಡೆಯಲಿಲ್ಲ. ನನ್ನ ಕೈಯನ್ನು ಅವರು ಮುಟ್ಟಲಿಲ್ಲ.

ಮಾತ್ರೆಯ ಮಂಪರಿನಲ್ಲಿ ಟೈಪ್ ಮಾಡುವುದು ಕಷ್ಟವಾಯಿತು. ಅದಕ್ಕಿಂತ ಹೆಚ್ಚಿನ ಅಂಜಿಕೆ ತಂದದ್ದು ರೊಟ್ಟಿ ಮಾಡುವಾಗ ಆದ ಒಂದು ಘಟನೆ. ನಮ್ಮ ಕಡೆ ಜೋಳದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ನೀರು ಸವರಿ, ಬರಿಗೈಯಿಂದಲೇ ಹೊರಳಿಸುತ್ತೇವೆ. ಬೆರಳಿಗೆ ಬಿಸಿ ಎಷ್ಟು ತಾಳುತ್ತದೆಂಬುದನ್ನು ಕೈಯೇ ತಿಳಿದಿರುತ್ತದೆ. ಅಂದು ರಾತ್ರಿ ಪಾತ್ರೆ ತೊಳೆಯುವಾಗ ಎಡ ಅಂಗೈಯ ಅಂಚಿನಲ್ಲಿ ಹುಣಸೆ ಬೀಜದಷ್ಟು ದೊಡ್ಡ ಬೊಬ್ಬೆ ಕಂಡಿತು. ಯಾವಾಗ ಸುಟ್ಟಿತೆಂದು ನೆನಪಿಸಿಕೊಳ್ಳಲು ನೋಡಿದೆ. ನೆನಪಾಗುವುದು ಸಾಧ್ಯವಿರಲಿಲ್ಲ, ಏಕೆಂದರೆ ಸುಟ್ಟದ್ದು ನನಗೆ ಗೊತ್ತೇ ಆಗಿರಲಿಲ್ಲ. ಬೊಬ್ಬೆಯನ್ನು ಒತ್ತಿದೆ, ಉರಿಯಲಿಲ್ಲ. ಜೋಮು ಇದ್ದಷ್ಟು ದಿನ ಅದು ಹೋದರೆ ಸಾಕೆಂದುಕೊಳ್ಳುತ್ತಿದ್ದೆ. ಆ ರಾತ್ರಿಯಿಂದ, ಆ ಅಂಚಿನಲ್ಲಿ ಜೋಮು ಕೂಡ ಇಲ್ಲವಾಗುತ್ತಿದೆ ಎಂಬುದನ್ನು ಗಮನಿಸಿ ಹೆದರಿದೆ.

ನರಗಳಲ್ಲಿ ವಿದ್ಯುತ್ ಸಂಕೇತ ಹರಿಯುವ ವೇಗ ಅಳೆಯುವ ಪರೀಕ್ಷೆಯನ್ನು ಮಾಡಿಸಿದ್ದು ಅದಾದ ಮೇಲೆ. ಮಣಿಕಟ್ಟು, ಮೊಣಕೈ, ತೋಳುಗಳಲ್ಲಿ ಒಂದೊಂದು ಕಡೆ ಸಣ್ಣ ಕರೆಂಟು ಕೊಡುತ್ತಾರೆ, ಬೆರಳು ತಾನಾಗಿ ಹಾರುತ್ತದೆ, ಪರದೆಯ ಮೇಲೆ ಅಲೆ ಮೂಡುತ್ತದೆ. ಅಲ್ನರ್ ಎಂಬ ನರ ಎಡ ಮೊಣಕೈಯನ್ನು ದಾಟುವಲ್ಲಿ ನಿಧಾನವಾಗಿದೆ ಎಂಬ ವರದಿ ಬಂತು. ಹುಡುಕಾಟ ಮೊದಲ ಸಲ ಸರಿಯಾದ ನರಕ್ಕೆ ಬಂದು ಮುಟ್ಟಿತ್ತು. ಆದರೆ ನರ ಯಾಕೆ ನಿಧಾನವಾಯಿತೆಂಬ ಪ್ರಶ್ನೆಗೆ, ಮೊಣಕೈಯನ್ನು ಮೇಜಿಗೆ ಊರಿ ಊರಿ ಒತ್ತಿಹೋಗಿದೆ ಎಂಬ ಸಿದ್ಧ ಉತ್ತರವಿತ್ತು. ನರವನ್ನು ಬಿಡಿಸಿ ಜಾಗ ಬದಲಿಸುವ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿದರು. ಹಣ ಹೊಂದಿಸಲು ನಮ್ಮ ಯಜಮಾನರು ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯ ಸಾಹುಕಾರರಲ್ಲಿ ಮುಂಗಡ ಕೇಳಿದ್ದರು.

ಆ ನಡುವೆ, ಒಂದು ಬೆಳಿಗ್ಗೆ ಬಸ್ ನಿಲ್ದಾಣದಿಂದ ಕಚೇರಿಗೆ ನಡೆದು ಬರುವಾಗ, ಹಿಂದಿನಿಂದ ಒಬ್ಬ ಹುಡುಗ “ಆಂಟಿ, ಚಪ್ಪಲಿ” ಎಂದು ಕೂಗಿದ. ತಿರುಗಿ ನೋಡಿದರೆ ನನ್ನ ಎಡಗಾಲಿನ ಚಪ್ಪಲಿ ಇಪ್ಪತ್ತು ಹೆಜ್ಜೆ ಹಿಂದೆ ಬಿದ್ದಿತ್ತು. ಬರಿಗಾಲಿನಲ್ಲಿ ನಡೆಯುತ್ತಿದ್ದೇನೆಂಬುದು ನನಗೆ ತಿಳಿದಿರಲಿಲ್ಲ. ಮೊಣಕೈಯನ್ನು ಮೇಜಿಗೆ ಊರಿದ್ದರಿಂದ ಕಾಲಿನ ಚಪ್ಪಲಿ ಜಾರುವುದು ಹೇಗೆ ಎಂಬ ಪ್ರಶ್ನೆ ಆ ರಸ್ತೆಯಲ್ಲೇ ಹುಟ್ಟಿತು. ಶಸ್ತ್ರಚಿಕಿತ್ಸೆಯನ್ನು ಮುಂದೂಡಿ, ಪರಿಚಯದ ನರ್ಸ್ ಒಬ್ಬರ ಮಾತಿನಂತೆ, ಸರ್ಕಾರಿ ಆಸ್ಪತ್ರೆಯೊಂದರ ನರರೋಗ ವಿಭಾಗಕ್ಕೆ ಚೀಟಿ ಮಾಡಿಸಿದೆ. ಜೋಮು ಶುರುವಾಗಿ ಆಗ 14 ತಿಂಗಳಾಗಿತ್ತು, ಕಾಲಿನ ತೊಂದರೆಗೆ ಎರಡು ತಿಂಗಳು.

ನಾಲ್ಕು ಗಂಟೆ ಕಾದ ಮೇಲೆ ನನ್ನ ಸರದಿ ಬಂತು. ವೈದ್ಯರು ಹಿರಿಯರು. ನಾನು ತಂದಿದ್ದ ದಪ್ಪ ಕಡತವನ್ನು ಪಕ್ಕಕ್ಕಿಟ್ಟು, “ಎಲ್ಲಿ, ಎಷ್ಟು ಜಾಗ ಅಂತ ನೀವೇ ಗೆರೆ ಹಾಕಿ ತೋರಿಸಿ ತಾಯಿ” ಎಂದು ಪೆನ್ನು ಕೊಟ್ಟರು. ಉಂಗುರ ಬೆರಳನ್ನು ಸೀಳುವ ಆ ಗೆರೆಯನ್ನು ನಾನು ನನ್ನ ಚರ್ಮದ ಮೇಲೆ ಎಳೆದೆ. ಆಮೇಲೆ ಕಣ್ಣು ಮುಚ್ಚಲು ಹೇಳಿ ಹತ್ತಿಯ ಎಳೆಯಿಂದ ಮುಟ್ಟಿದರು, ಸೂಜಿಯ ಮೊನೆಯಿಂದ ಮುಟ್ಟಿದರು, ಬಿಸಿನೀರಿನ ಮತ್ತು ತಣ್ಣೀರಿನ ಎರಡು ಗಾಜಿನ ನಳಿಕೆಗಳನ್ನು ಬದಲಿಸಿ ಬದಲಿಸಿ ಇಟ್ಟರು. ಅಂಗೈಯ ಅಂಚಿನಲ್ಲಿ ಎರಡೂ ನನಗೆ ಒಂದೇ ಆಗಿದ್ದವು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮಾಂಸ ಎಡಗೈಯಲ್ಲಿ ತಗ್ಗಾಗಿದ್ದುದನ್ನು ಬಲಗೈಯ ಪಕ್ಕದಲ್ಲಿಟ್ಟು ತೋರಿಸಿದರು. 14 ತಿಂಗಳು ನನ್ನ ಕಣ್ಣೆದುರೇ ಇದ್ದದ್ದನ್ನು ನಾನು ಆಗ ನೋಡಿದೆ. ಮಂಡಿಗೂ ಹಿಮ್ಮಡಿಗೂ ರಬ್ಬರಿನ ಸುತ್ತಿಗೆ ಬಡಿದಾಗ ಕಾಲು ಚೆನ್ನಾಗಿಯೇ ಜಿಗಿಯಿತು. ಸ್ಪರ್ಶ ಹೋಗಿ ಈ ಜಿಗಿತ ಉಳಿದಿರುವುದೂ ಒಂದು ಸುಳಿವು ಎಂದರು.

ಕೊನೆಗೆ ಅವರು ನನ್ನ ಎಡ ಮೊಣಕೈಯನ್ನು ಅರ್ಧ ಮಡಚಿ, ಒಳಬದಿಯ ಮೂಳೆಯ ಹಿಂದಿನ ಕುಳಿಯಲ್ಲಿ ಬೆರಳಿಟ್ಟು ಮೆಲ್ಲನೆ ಹೊರಳಿಸಿದರು. ನೋವಿನಿಂದ ನಾನು ಕೈ ಎಳೆದುಕೊಂಡೆ. ಬಲಗೈಯಲ್ಲಿ ಅದೇ ಜಾಗವನ್ನು ನನ್ನಿಂದಲೇ ಮುಟ್ಟಿಸಿದರು: ಕಷ್ಟಪಟ್ಟು ಹುಡುಕಿದರೆ ಸಿಗುವ ತೆಳುವಾದ, ಮೆತ್ತನೆಯ ದಾರ. ಎಡಗೈಯಲ್ಲಿ ಅದು ಬಾವಿಯ ಹಗ್ಗದಂತೆ ಬಿಗಿಯಾಗಿ, ನಡುವೆ ಗಂಟುಗಂಟಾಗಿ ಸಿಕ್ಕಿತು. ಎಡ ಮಂಡಿಯ ಹೊರಬದಿಗೆ, ಸ್ವಲ್ಪ ಕೆಳಗೆ, ಮೂಳೆಯನ್ನು ಸುತ್ತಿಬರುವ ಇನ್ನೊಂದು ನರವೂ ದಪ್ಪಗಾಗಿತ್ತು. ಚಪ್ಪಲಿ ಜಾರಿದ್ದಕ್ಕೆ ಅದು ಕಾರಣ.

ಮಚ್ಚೆಗಳೇನಾದರೂ ಇವೆಯೇ ಎಂದು ಹುಡುಕಿದರು, ಇರಲಿಲ್ಲ. ಬಾಗಿಲು ಮುಚ್ಚಿಸಿ, ನಮ್ಮ ಯಜಮಾನರನ್ನೂ ಕೂರಿಸಿಕೊಂಡು ಹೇಳಿದರು: ಇದು ಕುಷ್ಠರೋಗ ಇರಬಹುದು, ಚರ್ಮದ ಮೇಲೆ ಏನನ್ನೂ ತೋರಿಸದೆ ನರವನ್ನು ಮಾತ್ರ ಹಿಡಿಯುವ ಬಗೆ, ಖಚಿತ ಮಾಡಿಕೊಳ್ಳೋಣ.

ನರದ ಅಲ್ಟ್ರಾಸೌಂಡ್‌ನಲ್ಲಿ ದಪ್ಪ ಸ್ಪಷ್ಟವಾಗಿ ಕಂಡಿತು. ಕಿವಿಯ ಹಾಲೆಯಿಂದ ತೆಗೆದ ಮಾದರಿಯಲ್ಲಿ ರೋಗಾಣು ಸಿಗಲಿಲ್ಲ. ಈ ಬಗೆಯಲ್ಲಿ ಸಿಗುವುದಿಲ್ಲವೆಂದು ಮೊದಲೇ ಹೇಳಿದ್ದರು. ಹಾಗಾಗಿ ಎಡಗೈಯ ಹಿಂಬದಿಯಲ್ಲಿ, ಸ್ಪರ್ಶಕ್ಕಷ್ಟೇ ಸಂಬಂಧಿಸಿದ ಒಂದು ಸಣ್ಣ ನರದ ತುಣುಕನ್ನು, ಜಾಗವನ್ನು ಮರಗಟ್ಟಿಸಿ, ಕತ್ತರಿಸಿ ತೆಗೆದರು. ಚಾಲನೆಗೆ ಬೇಕಾದ ನರವನ್ನು ಇದಕ್ಕಾಗಿ ಮುಟ್ಟುವುದಿಲ್ಲ. ಹತ್ತು ದಿನಗಳ ನಂತರ ಬಂದ ವರದಿಯಲ್ಲಿ ಹೆಸರು ಬರೆದಿತ್ತು: ಪ್ಯೂರ್ ನ್ಯೂರೈಟಿಕ್ ಲೆಪ್ರಸಿ.

ಆ ಹತ್ತು ದಿನಗಳಲ್ಲಿ ನನ್ನ ನೆನಪಿಗೆ ಮತ್ತೆ ಮತ್ತೆ ಬಂದವರು ತವರಿನ ದೊಡ್ಡಜ್ಜ. ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಇರುತ್ತಿದ್ದರು. ಅವರ ತಟ್ಟೆ ಬೇರೆ, ಚೊಂಬು ಬೇರೆ, ಬೆರಳುಗಳು ಮೋಟಾಗಿದ್ದವು. ಅವರ ಹತ್ತಿರ ಹೋಗಬಾರದೆಂಬ ಕಟ್ಟಪ್ಪಣೆಯಿದ್ದರೂ, ಹುರಿದ ಶೇಂಗಾ ಕೊಡುತ್ತಾರೆಂದು ನಾನು ಹೋಗುತ್ತಿದ್ದೆ. ಮನೆಯಲ್ಲಿ ಯಾರೂ ಆ ರೋಗದ ಹೆಸರೆತ್ತುತ್ತಿರಲಿಲ್ಲ, ‘ದೊಡ್ಡ ಬ್ಯಾನಿ’ ಎನ್ನುತ್ತಿದ್ದರು. ವೈದ್ಯರಿಗೆ ಇದನ್ನು ಹೇಳಿದೆ. ರೋಗಾಣು ಮೈಯಲ್ಲಿ ಸೇರಿ ಲಕ್ಷಣ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಐದು ವರ್ಷ, ಕೆಲವೊಮ್ಮೆ 20 ವರ್ಷ ಅಥವಾ ಅದಕ್ಕೂ ಹೆಚ್ಚು ಹಿಡಿಯಬಹುದು. ಇಂಥವರಿಂದಲೇ ಬಂತೆಂದು ಯಾರನ್ನೂ ಬೊಟ್ಟು ಮಾಡಿ ತೋರಿಸಲಾಗದು, ತೋರಿಸಿ ಆಗಬೇಕಾದ್ದೂ ಇಲ್ಲ ಎಂದರು. ಆ ಅಜ್ಜನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರ ಕೈಗೆ ಏನಾಗಿತ್ತೆಂದು ನನ್ನ ಕೈಯಿಂದ ಅರ್ಥವಾಯಿತು. ರೋಗವು ಬೆರಳನ್ನು ತಿನ್ನುವುದಿಲ್ಲ; ನೋವು ತಿಳಿಯದ ಬೆರಳು ದಿನವೂ ಸುಟ್ಟು, ಗಾಯವಾಗಿ, ಮತ್ತೆ ಗಾಯವಾಗಿ ಸವೆದುಹೋಗುತ್ತದೆ. ನನ್ನ ಅಂಗೈಯ ಆ ಬೊಬ್ಬೆಯೂ ಅದೇ ದಾರಿಯ ಮೊದಲ ಮೆಟ್ಟಿಲಾಗಿತ್ತು.

ನಾರ್ವೆಯ ಹ್ಯಾನ್ಸೆನ್ 1873ರಲ್ಲೇ ಈ ರೋಗದ ಬ್ಯಾಕ್ಟೀರಿಯಾವನ್ನು ಕಂಡುಹಿಡಿದರು. ದೇಹದ ತಂಪಾದ ಭಾಗಗಳಲ್ಲಿ, ಚರ್ಮಕ್ಕೆ ಹತ್ತಿರವಾಗಿ ಹಾಯುವ ನರಗಳಲ್ಲಿ ಅದು ಮನೆ ಮಾಡುತ್ತದೆ. ಮೊಣಕೈ, ಮಂಡಿಯ ಪಕ್ಕ, ಹಿಮ್ಮಡಿಯ ಗಂಟು ಅದಕ್ಕಾಗಿಯೇ ಅದರ ನೆಚ್ಚಿನ ಜಾಗಗಳು. ಹತ್ತು ಸಾವಿರ ಜನರಲ್ಲಿ ಒಬ್ಬರಿಗಿಂತ ಕಡಿಮೆ ರೋಗಿಗಳು ಎಂಬ ಮಟ್ಟವನ್ನು ನಮ್ಮ ದೇಶ 2005ರ ಕೊನೆಯ ಹೊತ್ತಿಗೆ ಮುಟ್ಟಿತು. ‘ನಿರ್ಮೂಲನೆ’ ಎಂಬ ಪದವನ್ನು ಆಗ ಬಳಸಿದರು, ಜನರೂ ವೈದ್ಯರೂ ಅದನ್ನು ಅಕ್ಷರಶಃ ನಂಬಿದರು. ಜಗತ್ತಿನಲ್ಲಿ ವರ್ಷವರ್ಷವೂ ಪತ್ತೆಯಾಗುವ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಂದಿಗೂ ನಮ್ಮ ದೇಶದವರೇ. ನನ್ನ ಕಡತದ ಅಷ್ಟೂ ಕಾಗದಗಳಲ್ಲಿ ಆ ರೋಗದ ಹೆಸರು ಒಂದು ಸಂಶಯವಾಗಿ ಕೂಡ ಬಂದಿರಲಿಲ್ಲ ಎಂಬುದು ನನ್ನನ್ನು ಈಗಲೂ ನೋಯಿಸುತ್ತದೆ.

ಮನೆಯಲ್ಲಿ ಹೇಳುವುದು ಬಯಾಪ್ಸಿಗಿಂತ ಕಠಿಣವಾಗಿತ್ತು. ಕಾನೂನಿನ ಕಾಗದಗಳ ನಡುವೆ ಬದುಕುವವಳಾದ್ದರಿಂದ ನನಗೆ ಮೊದಲು ಹೊಳೆದದ್ದು ವಿಚ್ಛೇದನದ ಕಲಮು. ಹಿಂದೂ ವಿವಾಹ ಕಾಯಿದೆಯಲ್ಲಿ ಕುಷ್ಠರೋಗವು ವಿಚ್ಛೇದನಕ್ಕೆ ಒಂದು ಆಧಾರವಾಗಿತ್ತು. 2019ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಯಜಮಾನರು ಅಂಥ ಮನುಷ್ಯರಲ್ಲವೆಂದು ಗೊತ್ತಿದ್ದರೂ, ಆ ರಾತ್ರಿ ಅದನ್ನು ಮೊಬೈಲಿನಲ್ಲಿ ಹುಡುಕಿ ಎರಡು ಸಲ ಓದಿದ ಮೇಲೆಯೇ ನನಗೆ ನಿದ್ದೆ ಬಂದದ್ದು. ಅತ್ತೆ, “ಯಾರ ಮುಂದೂ ಬಾಯಿ ಬಿಡಬ್ಯಾಡವ್ವ” ಎಂದಷ್ಟೇ ಹೇಳಿದರು. ಹನ್ನೊಂದು ದಿನ ನನ್ನ ಲೋಟ ಬೇರೆ ಇತ್ತು. ಆರೋಗ್ಯ ಕಾರ್ಯಕರ್ತರು ಬಂದು ಮನೆಯ ಎಲ್ಲರನ್ನೂ ಪರೀಕ್ಷಿಸಿ, ಮುನ್ನೆಚ್ಚರಿಕೆಗೆಂದು ರಿಫಾಂಪಿಸಿನ್ ಔಷಧಿಯ ಒಂದೊಂದು ಡೋಸ್ ಕೊಟ್ಟು, ಬಹುಪಾಲು ಜನರ ಮೈ ಈ ರೋಗಾಣುವನ್ನು ತಾನಾಗಿಯೇ ತಡೆಯುತ್ತದೆ, ಚಿಕಿತ್ಸೆ ಶುರುವಾದವರಿಂದ ಭಯವಿಲ್ಲ ಎಂದು ಬಿಡಿಸಿ ಹೇಳಿ ಹೋದರು. ಮರುದಿನ ಬೆಳಿಗ್ಗೆ ಅತ್ತೆ ಎಲ್ಲರ ಲೋಟಗಳ ಸಾಲಿನಲ್ಲೇ ನನ್ನದಕ್ಕೂ ಚಹಾ ಸೋಸಿದರು.

ಔಷಧಿ ಉಚಿತ. 28 ದಿನಗಳ ಒಂದೊಂದು ಪಟ್ಟಿ, ಅಂಥವು ಹನ್ನೆರಡು. ತಿಂಗಳ ಮೊದಲ ಡೋಸನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅವರ ಎದುರೇ ನುಂಗಬೇಕು: ರಿಫಾಂಪಿಸಿನ್, ಕ್ಲೋಫಜಿಮಿನ್, ಡ್ಯಾಪ್ಸೋನ್. ಉಳಿದ ದಿನಗಳಿಗೆ ಕೊನೆಯ ಎರಡು ಮಾತ್ರ. ಆ ಮೊದಲ ದಿನ ಮೂತ್ರ ಕೆಂಪಗಾಗುತ್ತದೆ, ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ಕ್ಲೋಫಜಿಮಿನ್‌ನಿಂದ ಮುಖದ ಬಣ್ಣ ಕಪ್ಪಾಯಿತು. ಪತ್ರ ಮಾಡಿಸಲು ಬಂದವರು ಬಿಸಿಲಿಗೆ ಹೋಗಿದ್ದಿರೇನು ಎಂದು ಕೇಳುತ್ತಾರೆ. ಔಷಧಿ ನಿಂತ ಮೇಲೆ ನಿಧಾನವಾಗಿ ತಿಳಿಯಾಗುತ್ತದಂತೆ. ಇದಲ್ಲದೆ ನರದ ಊತ ಇಳಿಸಲು ಪ್ರೆಡ್ನಿಸೋಲೋನ್ ಸ್ಟೀರಾಯ್ಡನ್ನು ದಿನಕ್ಕೆ 40 ಮಿಲಿಗ್ರಾಂನಿಂದ ಶುರುಮಾಡಿ, ತಿಂಗಳುಗಟ್ಟಲೆ ಹಂತಹಂತವಾಗಿ ಇಳಿಸಿದರು. ಮುಖ ಊದಿತು, ಹಸಿವು ಹೆಚ್ಚಿತು, ಸಕ್ಕರೆಯ ಮೇಲೆ ಕಣ್ಣಿಡಬೇಕಾಯಿತು.

ಈ ಸ್ಟೀರಾಯ್ಡಿನ ವಿಷಯದಲ್ಲೇ ಕಾಲದ ಬೆಲೆ ನನಗೆ ತಿಳಿದದ್ದು. ನರ ಸೋತು ಆರು ತಿಂಗಳೊಳಗೆ ಸಿಕ್ಕರೆ ಅದು ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು, ಆಮೇಲೆ ಕಡಿಮೆ. ನನ್ನ ಕಾಲಿಗೆ ಎರಡು ತಿಂಗಳಾಗಿತ್ತು, ಕೈಗೆ ಹದಿನಾಲ್ಕು. ಒಂದೇ ರೋಗ, ಒಂದೇ ಔಷಧಿ, ಒಂದೇ ಮೈ. ಕಾಲು ಬಹುಮಟ್ಟಿಗೆ ಮರಳಿ ಬಂದಿದೆ. ಈಗಲೂ ಹಿಂದೆ ಪಟ್ಟಿಯಿರುವ, ಒಳಗೆ ಮೆತ್ತನೆಯ ರಬ್ಬರಿರುವ ಚಪ್ಪಲಿಯನ್ನೇ ಹಾಕುತ್ತೇನೆ, ರಾತ್ರಿ ಮಲಗುವ ಮುನ್ನ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳುತ್ತೇನೆ. ರೊಟ್ಟಿಯನ್ನು ಚಿಮಟದಿಂದ ಹೊರಳಿಸುತ್ತೇನೆ. ಶಿಫ್ಟ್ ಕೀಲಿಯನ್ನು ಎಡಗೈಯ ಉಂಗುರ ಬೆರಳಿನಿಂದ ಒತ್ತುವುದನ್ನು ಕಲಿತಿದ್ದೇನೆ. ಎಡಪಕ್ಕದ ಅಕ್ಷರಗಳಿಗೆ ಕೈಯನ್ನು ಪ್ರತಿಸಲ ಎತ್ತಿ ಇಡಬೇಕಾದ್ದರಿಂದ ಕೆಲಸ ನಿಧಾನವಾಗಿದೆ, ತಪ್ಪು ಕಡಿಮೆಯಾಗಿದೆ.

ಒಂಬತ್ತನೆಯ ಪಟ್ಟಿ ತರಲು ಹೋದಾಗ ಆರೋಗ್ಯ ಕೇಂದ್ರದಲ್ಲಿ ಎಂದಿನಂತೆ ಪೆನ್ನಿನ ಪರೀಕ್ಷೆ ಮಾಡಿದರು. ಕಣ್ಣು ಮುಚ್ಚಿ ಅಂಗೈ ಚಾಚಬೇಕು, ಬಾಲ್‌ಪೆನ್ನಿನ ತುದಿ ಎಲ್ಲಿ ತಾಗಿತೆಂದು ಇನ್ನೊಂದು ಕೈಯ ಬೆರಳಿನಿಂದ ತೋರಿಸಬೇಕು. ಕಿರುಬೆರಳಿನ ಕಡೆಯ ನಾಲ್ಕು ಜಾಗಗಳಲ್ಲಿ ಮೊದಲ ತಿಂಗಳು ಒಂದನ್ನೂ ತೋರಿಸಲು ಆಗಿರಲಿಲ್ಲ. ಈ ಸಲ ಎರಡನ್ನು ತೋರಿಸಿದೆ. ಮೂರನೆಯದರ ಹತ್ತಿರ ಏನೋ ತಾಗಿದಂತಾಗಿ ಬೆರಳು ಎತ್ತಿದೆ, ಎಲ್ಲಿ ಎಂದು ನಿಶ್ಚಯವಾಗದೆ ಹಾಗೆಯೇ ಹಿಡಿದುಕೊಂಡೆ. “ಅವಸರ ಇಲ್ಲರೀ ಅಕ್ಕಾರ, ಮತ್ತೊಮ್ಮೆ ಮುಟ್ಟತೀನಿ” ಎಂದರು ಕಾರ್ಯಕರ್ತೆ, ಮತ್ತು ಮತ್ತೊಮ್ಮೆ ಮುಟ್ಟಿದರು.